ಟಿಸಿ ಸುಟ್ಟ ಬಗ್ಗೆ

ನಮ್ಮ ಗುರುಲಿಂಗಪ್ಪ ಕಾಕಾ ಕವಿಯಾಗಿ ಎಂಟು ದಿನ ಕಳೆದರೂ ಆ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಇಂಡಿಗೆ ಗೊತ್ತಿತ್ತು, ಸಿಂದಗಿಗೆ ಗೊತ್ತಿತ್ತು, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಲ್ಲಂತೂ ಅವನ ಸಾಲುಗಳನ್ನು ಬಾಯಿಪಾಠ ಮಾಡಿದವರಿದ್ದರು. ಹೊರ್ತಿಯಲ್ಲಿ ಗಿರಣಿಯ ಕಟ್ಟೆಯ ಮೇಲೆ ಕೂತಿದ್ದ ಅವನಿಗೆ ಮಾತ್ರ ಗೊತ್ತಿರಲಿಲ್ಲ. ಇದರಲ್ಲಿ ತಪ್ಪು ಸ್ವಲ್ಪ ನನ್ನದು. ಉಳಿದದ್ದೆಲ್ಲ ನನ್ನ ಫೋನಿನ ಬ್ಯಾಟರಿಯದು.

ಕಾಕಾನದು ಹಿಟ್ಟಿನ ಗಿರಣಿ. ಅದಕ್ಕೆ ಕರೆಂಟು ಕೊಡುವ ಟಿಸಿ, ಅಂದರೆ ಕಂಬದ ಮೇಲೆ ಎಣ್ಣೆ ತುಂಬಿಕೊಂಡು ಕೂತಿರುತ್ತದಲ್ಲ ಆ ಕಬ್ಬಿಣದ ಡಬ್ಬಿ, ಒಂದು ಮಧ್ಯಾಹ್ನ ಢಂ ಎಂದು ಸುಟ್ಟುಹೋಯಿತು. ಅದರೊಂದಿಗೆ ನಮ್ಮ ಓಣಿಯ ದೀಪ, ಕಾಕಾನ ಹೆಂಡತಿ ಗುರವ್ವ ಚಿಗವ್ವನ ಮಿಕ್ಸಿ, ಪಕ್ಕದ ಮನೆ ಶೆಟ್ಟೆವ್ವಳ ಧಾರಾವಾಹಿ ಎಲ್ಲ ಒಮ್ಮೆಲೇ ನಿಂತವು. ಶೆಟ್ಟೆವ್ವಳ ಧಾರಾವಾಹಿಯಲ್ಲಿ ಅತ್ತೆ ವಿಷದ ಲೋಟ ಎತ್ತಿದ್ದಳಂತೆ. ಸೊಸೆ ಕುಡಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಲೈನಮನ್ ಅಬ್ದುಲಗನಿ ಕಂಬ ಹತ್ತಿ, ನೋಡಿ, ಇಳಿದು, ತಲೆಯ ಮೇಲಿನ ಟೊಪ್ಪಿಗೆ ತೆಗೆದ.

"ತೀರಿ ಹೋಗೈತ್ರಿ ಕಾಕಾರ. ಹೊಸಾದು ಬರಬೇಕು."

ಹೊಸದು ಬರಲಿಲ್ಲ. ಮೂರು ವಾರ ಆಯಿತು. ನಾಗರ ಪಂಚಮಿಗೆ ಹದಿನೈದು ದಿನ ಉಳಿದವು. ನಮ್ಮ ಕಡೆ ಪಂಚಮಿ ಅಂದರೆ ಉಂಡಿ. ಕಡಲೆ ಹಿಟ್ಟಿನ ಉಂಡಿ, ಗೋಧಿ ಹಿಟ್ಟಿನ ಉಂಡಿ, ಹೆಸರು ಹಿಟ್ಟಿನ ಉಂಡಿ. ಊರಿನ ಪ್ರತಿ ಮನೆಯ ಬುಟ್ಟಿಯೂ ಗಿರಣಿಗೆ ಬರಲೇಬೇಕು. ವರ್ಷಕ್ಕೊಮ್ಮೆ ಕಾಕಾ ರಾಜನಂತೆ ಕೂತು "ಸಾಲು ಹಚ್ರಿ, ಸಾಲು" ಎಂದು ಹೆಂಗಸರನ್ನು ಗದರುವ ಹದಿನೈದು ದಿನ ಅವು. ಆದರೆ ಈಗ ಪಕ್ಕದ ಊರಿನಲ್ಲಿ ಡೀಸೆಲ್ ಇಂಜಿನ್ನಿನ ಗಿರಣಿ ಆಗಿತ್ತು. ಹೆಂಗಸರು ಬುಟ್ಟಿ ಹೊತ್ತು ಟೆಂಪೊ ಹತ್ತತೊಡಗಿದ್ದರು. ಪಂಚಮಿಯನ್ನೂ ಅಲ್ಲೇ ಮುಗಿಸಿದರೆ ಆ ದಾರಿಯೇ ರೂಢಿಯಾಗುತ್ತದೆ, ಆಮೇಲೆ ಗಿರಣಿಗೆ ಬೀಗ ಹಾಕುವುದೊಂದೇ ಬಾಕಿ ಎಂದು ಕಾಕಾ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಊಟವೂ ಡೀಸೆಲ್ ಗಿರಣಿಯ ಹಿಟ್ಟಿನದೇ.

"ರೊಟ್ಟಿ ಎಣ್ಣಿ ನಾರತೈತಿ," ಎಂದು ತಟ್ಟೆ ಸರಿಸುತ್ತಿದ್ದ.

"ಹಂಗಾರ ಉಪವಾಸ ಬೀಳು," ಎಂದು ಚಿಗವ್ವ ತಟ್ಟೆಯನ್ನು ಮತ್ತೆ ಅವನ ಮುಂದೆ ತಳ್ಳುತ್ತಿದ್ದಳು.

ಕಾಕಾ ಕರೆಂಟ್ ಆಫೀಸಿಗೆ ನಾಲ್ಕು ಸಲ ಹೋಗಿ ನಾಲ್ಕು ಅರ್ಜಿ ಕೊಟ್ಟ. ಆ ಆಫೀಸು ಯಾವ ಊರಿನದೆಂದು ನಾನು ಹೇಳುವುದಿಲ್ಲ. ಓದುವವರೆಲ್ಲ ತಮ್ಮ ಊರಿನದೇ ಎಂದುಕೊಳ್ಳಲಿ. ಸಾಹೇಬರ ಬಾಗಿಲು ನಾಲ್ಕು ಸಲವೂ ಮುಚ್ಚಿತ್ತು. ಒಳಗೆ ಸಾಹೇಬರು 'ಬರೆಯುತ್ತಿದ್ದಾರೆ' ಎಂದು ಸಿಪಾಯಿ ಹೇಳುತ್ತಿದ್ದ. ಇಷ್ಟು ಬರೆಯುವ ಸಾಹೇಬರು ಒಂದು ಟಿಸಿ ಬರೆದುಕೊಡಲಿಕ್ಕಿಲ್ಲವೇ ಎಂದು ಕಾಕಾ ಆಸೆಯಿಂದ ಬರುತ್ತಿದ್ದ. ನಾಲ್ಕನೆಯ ಸಲ ಕ್ಲಾರ್ಕ್ ಅರ್ಜಿಯನ್ನು ಓದದೆಯೇ ಸಾಹೇಬರ ಟೇಬಲ್ಲಿಗೆ ಸಾಗಹಾಕಿದ.

"ಯಜಮಾನ್ರ, ಕಾಗದದ ಕಾಲ ಮುಗೀತ್ರಿ. ಈಗ ಎಲ್ಲಾ ಆನ್‌ಲೈನ್."

"ಅದ್ಯಾವ ಲೈನ್ರಿ? ನಮ್ಮ ಲೈನ್ದಾಗ ಕರೆಂಟ ಇಲ್ಲಲ್ಲ."

ಕ್ಲಾರ್ಕ್ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ಬೆರಳು ಮಾಡಿದ. ಅದು ಹಣೆಗೆ ಕುಂಕುಮ ಹಚ್ಚಿಕೊಂಡು, ಮೈತುಂಬ ಪ್ಲಾಸ್ಟಿಕ್ ಹೊದ್ದು ಮಲಗಿತ್ತು.

"ಅದರಾಗ ಹಾಕಿದ್ರ ಸೀದಾ ಸಾಹೇಬ್ರ ಕಣ್ಣಿಗೇ ಬೀಳತೈತಿ ನೋಡ್ರಿ."

ಕ್ಲಾರ್ಕ್ ಬಾಯಿಂದ ಅಪ್ಪಿತಪ್ಪಿ ಬಂದ ಈ ಮಾತು ಅಕ್ಷರಶಃ ನಿಜವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಕಾಕಾ ಮನೆಗೆ ಬಂದವನೇ, "ಐಶ್ವರ್ಯಾ, ನಿನ್ನ ಫೋನ್ದಾಗ ಆನ್‌ಲೈನ್ ಐತೇನ?" ಎಂದ.

ಇತ್ತು. ನಾನು ಹೊರ್ತಿಯಿಂದ ದಿನಾ ಬಸ್ಸಿನಲ್ಲಿ ಇಂಡಿಗೆ ಹೋಗಿ ಬಿ.ಎ. ಓದುತ್ತಿದ್ದೆ, ಅಂದರೆ ಬಸ್ಸಿನಲ್ಲಿ ಕವಿತೆ ಬರೆಯುತ್ತಿದ್ದೆ. ಕಾಲೇಜಿನ ನೋಟ್ಸು, ಕಿರಾಣಿ ಪಟ್ಟಿ, ಕವಿತೆ, ಗೆಳತಿಯರ ಮೇಲಿನ ಸಿಟ್ಟು ಎಲ್ಲವೂ ಫೋನಿನಲ್ಲೇ. ಆರ್ಕುಟ್ ಕಾಲ ಅದು. ಅದರಲ್ಲಿ 'ನಾಲ್ಕು ತಾಲೂಕಿನ ನಲ್ಮೆಯ ಕವಿಗಳು' ಎಂದು ನಮ್ಮದೊಂದು ಬಳಗವಿತ್ತು. ಮುದ್ದೇಬಿಹಾಳದ ರಾವಸಾಬ ಮಾಸ್ತರರು ಅದರ ಒಡೆಯರು. ನಾನು ಅಲ್ಲಿ 'ಇಂಡಿ ಇಬ್ಬನಿ'. ಇಂಡಿಯಲ್ಲಿ ಇಬ್ಬನಿ ಎಲ್ಲಿ ಬೀಳುತ್ತದೆ ಎಂದು ಯಾರೂ ಕೇಳಿರಲಿಲ್ಲ. ಕೇಳುವುದು ನಮ್ಮ ಬಳಗದ ಪದ್ಧತಿಯೇ ಅಲ್ಲ.

ನಮ್ಮ ಪದ್ಧತಿ ಆಯೇರಿಯದು. ನಮ್ಮ ಮದುವೆಯಲ್ಲಿ ಅವರು ಸೀರೆ ಉಡಿಸಿದರೆ ಅವರ ಮದುವೆಯಲ್ಲಿ ನಾವು ಉಡಿಸಲೇಬೇಕಲ್ಲ, ಹಾಗೆ. ನೀವು ನನ್ನ ಕವಿತೆಗೆ "ವಾಹ್" ಅಂದರೆ ನಿಮ್ಮದಕ್ಕೆ ನಾನು "ಆಹಾ" ಅನ್ನಬೇಕು. ಓದಲೇಬೇಕೆಂಬ ಕಡ್ಡಾಯವಿರಲಿಲ್ಲ. ಒಮ್ಮೆ ಯಾರೋ ಕವಿತೆ ಹಾಕುವುದನ್ನು ಮರೆತು ಬರೀ ಶೀರ್ಷಿಕೆ ಹಾಕಿದ್ದರು, ಅದಕ್ಕೂ ಇಪ್ಪತ್ತು ಜನ ಕಣ್ಣೀರಿಟ್ಟಿದ್ದರು.

ಕಾಕಾ ಹೇಳುತ್ತ ಹೋದ, ನಾನು ಒತ್ತುತ್ತ ಹೋದೆ. ನನ್ನ ಫೋನಿನ ಪರದೆ ಎರಡು ಬೆರಳಿನಷ್ಟೇ ಅಗಲ. ನಾಲ್ಕು ಶಬ್ದಕ್ಕೆ ಸಾಲು ತುಂಬಿ ಕೆಳಗೆ ಇಳಿಸಬೇಕು. ಹಾಗಾಗಿ ಅರ್ಜಿ ಉದ್ದಕ್ಕೆ ಇಳಿಯಿತು:

ಟಿಸಿ ಸುಟ್ಟ ಬಗ್ಗೆ

ಮೂರು ವಾರ ಆತು
ಕಂಬದ ಮ್ಯಾಲ
ಸುಟ್ಟು ಕುಂತೈತಿ
ಯಾರೂ ಬಂದು ನೋಡಿಲ್ಲ
ಎಣ್ಣಿ ಸೋರಿ
ನೆಲಾ ಕರ್ರಗಾಗೇತಿ
ಕಲ್ಲು ತಿರಗವಲ್ದು
ಹೆಣ್ಮಕ್ಕಳು ಬುಟ್ಟಿ ಹೊತ್ತು
ಬಾಗಲಕ್ಕ ಬಂದು
ಹೊಳ್ಳಿ ಹೋಗ್ತಾರ
ನಾಲ್ಕ ಸಲ ಹೇಳೇನಿ
ಪಂಚಮಿ ಬಂತು
ದಯಮಾಡಿ ಬರ್ರಿ

ಇಂತಿ ನಿಮ್ಮ ವಿಶ್ವಾಸಿ
ಗುರುಲಿಂಗಪ್ಪ, ಹೊರ್ತಿ

ಆನ್‌ಲೈನಿನಲ್ಲಿ ಇದನ್ನು ಎಲ್ಲಿ ಹಾಕಬೇಕೆಂದು ನನಗೂ ಗೊತ್ತಿರಲಿಲ್ಲ. ಬಳಗದಲ್ಲಿ ಮುನ್ನೂರು ಜನ ಇದ್ದಾರೆ, ಅಲ್ಲಿ ಹಾಕಿ, ಕೆಳಗೆ "ಇಂಥ ಅರ್ಜಿ ಎಲ್ಲಿ ಕೊಡಬೇಕು, ಗೊತ್ತಿದ್ದವರು ದಯವಿಟ್ಟು ತಿಳಿಸಿ" ಎಂದು ಕೇಳೋಣ ಎಂದುಕೊಂಡೆ. ಅರ್ಜಿ ಹೋಯಿತು. ಕೆಳಗಿನ ಪ್ರಶ್ನೆ ಒತ್ತುವಷ್ಟರಲ್ಲಿ ಫೋನು ಟುಂಯ್ ಎಂದು ಸತ್ತಿತು. ಓಣಿಯಲ್ಲಿ ಕರೆಂಟಿದ್ದರೆ ಚಾರ್ಜ್ ಹಾಕುತ್ತಿದ್ದೆ. ಕರೆಂಟಿದ್ದರೆ ಅರ್ಜಿಯೇ ಬೇಕಿರಲಿಲ್ಲ.

ಮರುದಿನ ಇಂಡಿಯ ಝೆರಾಕ್ಸ್ ಅಂಗಡಿಯಲ್ಲಿ ಚಾರ್ಜ್ ಹಾಕಿ ನೋಡುತ್ತೇನೆ, ನಲವತ್ತೊಂದು ಪ್ರತಿಕ್ರಿಯೆ! ನನ್ನ ಇಬ್ಬನಿ ಕವಿತೆಗಳಿಗೆ ಒಂಬತ್ತರ ಮೇಲೆ ಎಂದೂ ಬಂದಿರಲಿಲ್ಲ, ಅದರಲ್ಲೂ ಎರಡು ನನ್ನವೇ.

"ವಾಹ್ ಗುರುಗಳೇ!"

"ಟಿಸಿ ಎಂಬುದು ಇಲ್ಲಿ ಆಧುನಿಕ ಮನುಷ್ಯನ ಸುಟ್ಟ ಅಂತರಂಗ," ಎಂದು ರಾವಸಾಬ ಮಾಸ್ತರರು.

"ಹೊಳ್ಳಿ ಹೋಗುವ ಆ ಹೆಣ್ಣುಮಕ್ಕಳಲ್ಲಿ ನಾನೂ ಒಬ್ಬಳು," ಎಂದು ಸಿಂದಗಿಯ ಸುವರ್ಣಾ ಮೇಡಂ.

ಎಲ್ಲಕ್ಕಿಂತ ಉದ್ದನೆಯದು 'ಹಣತೆ' ಎಂಬ ಕಾವ್ಯನಾಮದವರದು. ಫೋಟೋ ಜಾಗದಲ್ಲಿ ಸೂರ್ಯಾಸ್ತ ಇಟ್ಟುಕೊಂಡಿದ್ದ ಅವರು ಯಾರೆಂದು ಮಾಸ್ತರರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. "ಕಂಬದ ಮೇಲೆ ಸುಟ್ಟು ಕುಳಿತ ಆ ಒಂಟಿತನ ನನ್ನದೂ ಹೌದು. ಓದುತ್ತ ಅತ್ತುಬಿಟ್ಟೆ. ಕವಿಯೇ, ನಿಮ್ಮ ಈ ನೋವು ಎಂದೂ ವಾಸಿಯಾಗದಿರಲಿ."

ಸಂಜೆ ಮನೆಗೆ ಬಂದು ಎಲ್ಲ ಓದಿ ಹೇಳಿದೆ. ಅವರು ಕವಿಗಳು ಎಂಬ ಮಾತನ್ನು ಎರಡು ಸಲ ಶುರು ಮಾಡಿದೆ, ಎರಡೂ ಸಲ ಕಾಕಾ ತಡೆದ.

"ನಲವತ್ತೊಂದ ಮಂದಿ ಓದ್ಯಾರ? ಒಂದ ದಿನದಾಗ? ಆ ಕ್ಲಾರ್ಕ್ ಮೂರು ವಾರದಾಗ ಒಂದ ಅರ್ಜಿ ಓದಿಲ್ಲಲೇ!"

"ಕಾಕಾ, ಅವರು ಆಫೀಸಿನವರಲ್ಲ..."

"ಮ್ಯಾಲಿನವರು! ತಿಳೀತು ಬಿಡು. ಒಬ್ಬ ಸಾಹೇಬ ಅತ್ತಾನಂತಲ್ಲ?"

ಅಷ್ಟರಲ್ಲಿ ಶೆಟ್ಟೆವ್ವ ಕಾಂಪೌಂಡಿನ ಮೇಲಿಂದ ಕತ್ತು ಹಾಕಿದಳು. "ಕರೆಂಟ್ ಆಫೀಸದಾಗ ಅತ್ತಾವರನ್ನ ನಾ ಕಂಡಿಲ್ಲಪಾ. ಅಳಸಿದವರನ್ನ ಕಂಡೇನಿ."

"ಇದು ಆನ್‌ಲೈನ್, ಶೆಟ್ಟೆವ್ವಕ್ಕಾ. ಅಲ್ಲಿ ಎಲ್ಲಾರೂ ಅಳ್ತಾರ."

ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ನಾನು ಸುಮ್ಮನಾದೆ. ಇನ್ನೊಂದು ಕಾರಣವೂ ಇತ್ತು, ಹೇಳಿಬಿಡುತ್ತೇನೆ. ಅಷ್ಟು ದಿನ ನನ್ನ ಕಡೆ ತಿರುಗಿಯೂ ನೋಡದಿದ್ದ ಸುವರ್ಣಾ ಮೇಡಂ "ಗುರುಲಿಂಗಪ್ಪನವರು ನಿಮಗೆ ಪರಿಚಯವೇ?" ಎಂದು ನನಗೆ ಖಾಸಗಿಯಾಗಿ ಬರೆದಿದ್ದರು.

ಕಾಕಾ ಕೊಟ್ಟದ್ದನ್ನು ಇಟ್ಟುಕೊಳ್ಳುವ ಮನುಷ್ಯನಲ್ಲ. "ಅಷ್ಟು ಮಂದಿ ನಮ್ಮದು ಓದ್ಯಾರ ಅಂದ್ರ ಅವರದೂ ನಾವು ಓದಬೇಕಿಲ್ಲೇನ? ಆ ಅತ್ತ ಸಾಹೇಬ ಏನರ ಬರದಾನೇನ ನೋಡು."

ಹಣತೆಯವರು ನಲವತ್ತು ಕವಿತೆ ಬರೆದಿದ್ದರು. ನಲವತ್ತೂ ಕತ್ತಲೆಯ ಮೇಲೆ. ದಿನಾ ಸಂಜೆ ಗಿರಣಿಯ ಕಟ್ಟೆಯ ಮೇಲೆ ಕಾಕಾ ಕೂತು ಕೇಳುತ್ತಿದ್ದ, ನಾನು ಓದುತ್ತಿದ್ದೆ. ಪ್ರತಿಯೊಂದಕ್ಕೂ ಅವನು ಹೇಳಿದ್ದನ್ನೇ ಅವನ ಹೆಸರಿನಲ್ಲಿ ಬರೆಯಬೇಕು. "ಓದೇನ್ರಿ. ನಿಮ್ಮ ಕಡೆ ಭಾಳ ಕತ್ತಲಿ ಐತಿ. ನಮ್ಮ ಕಡೇನೂ ಹಂಗ ಐತಿ. ಜಲ್ದಿ ಬೆಳಕ ಆಗ್ಲಿ." ಹಣತೆಯವರು ಹುಚ್ಚೆದ್ದು ಹೋದರು. ಇಂಥ ವಿಮರ್ಶೆ ತಮಗೆ ಜೀವಮಾನದಲ್ಲಿ ಸಿಕ್ಕಿಲ್ಲವೆಂದರು. ಸಿಕ್ಕಿರಲಿಕ್ಕಿಲ್ಲ, ಅವರ ನಲವತ್ತನ್ನೂ ಕೇಳಿ ಮುಗಿಸಿದ ಮನುಷ್ಯ ಲೋಕದಲ್ಲಿ ಕಾಕಾ ಒಬ್ಬನೇ.

ಮೂರು ದಿನ ಕಳೆದರೂ ಟಿಸಿ ಬರಲಿಲ್ಲ. ಕಾಕಾ ರಿಮೈಂಡರ್ ಹೇಳಿ ಬರೆಸಿದ. ಅದರಲ್ಲಿ ಮೀಟರಿನ ನಂಬರು, ಕಂಬದ ನಂಬರು, ನನ್ನ ಫೋನಿನ ನಂಬರು, ಗಿರಣಿಗೆ ಬರುವ ದಾರಿ, ದಾರಿಯಲ್ಲಿ ಸಿಗುವ ಬೇವಿನ ಮರ ಎಲ್ಲ ಇತ್ತು. ಅರವತ್ತಮೂರು ಪ್ರತಿಕ್ರಿಯೆ. "ಮನುಷ್ಯ ಕೊನೆಗೂ ಬರೀ ಒಂದು ನಂಬರು! ಮೈ ನಡುಗಿತು," ಎಂದರು ಮಾಸ್ತರರು. ಬೇವಿನ ಮರಕ್ಕೇ ಹನ್ನೆರಡು ಜನ ಬೇರೆಬೇರೆ ಅರ್ಥ ಹೇಳಿದರು.

ಮತ್ತೆ ಮೂರು ದಿನ. ಆ ದಿನ ಕಾಕಾ ನೋಡನೋಡುತ್ತಿದ್ದಂತೆಯೇ ಶೆಟ್ಟೆವ್ವ ಕಡಲೆಯ ಡಬ್ಬಿ ಎತ್ತಿಕೊಂಡು ಡೀಸೆಲ್ ಗಿರಣಿಯ ಟೆಂಪೊ ಹತ್ತಿದಳು. ಅವನ ಎದೆ ಒಡೆದುಹೋಯಿತು. ಮೂರನೆಯದನ್ನು ನಿಂತೇ ಹೇಳಿ ಬರೆಸಿದ. ಅದನ್ನು ಇಲ್ಲಿ ಪೂರ್ತಿ ಬರೆಯಲಾಗುವುದಿಲ್ಲ. "ನಿಮ್ಮ ಮನಿ ದೀಪಾ ಆರ್ಲಿ" ಎಂಬುದು ಅದರಲ್ಲಿನ ಅತ್ಯಂತ ಮೃದುವಾದ ಸಾಲು.

"ಬಂಡಾಯ!" ಎಂದಿತು ಬಾಗೇವಾಡಿ.

"ಕ್ರಾಂತಿ! ಕ್ರಾಂತಿ!" ಎಂದಿತು ಸಿಂದಗಿ.

"ನನ್ನ ಮನೆಯ ದೀಪ ಆರಿತು, ಗುರುವೇ," ಎಂದು ಹಣತೆಯವರು ಭಾವುಕರಾದರು.

ಎಂಟನೆಯ ದಿನ ಫೋನು ಬಂತು. ನಾನು ಒಳಗೆ ಸ್ನಾನಕ್ಕೆ ಹೋಗಿದ್ದೆ, ಕಾಕಾನೇ ಎತ್ತಿದ. ಆ ಕಡೆ ರಾವಸಾಬ ಮಾಸ್ತರರು.

"ಗುರುಲಿಂಗಪ್ಪನವರೇನ್ರಿ? ನಿಮ್ಮ ಟಿಸಿ ನಾಲ್ಕು ತಾಲೂಕು ಅಲ್ಲಾಡಿಸೇತ್ರಿ!"

"ಅಲ್ಲಾಡಿಸ್ಲೇಬೇಕ್ರಿ. ತಿಂಗಳಾತು."

"ರವಿವಾರ ಬಸವನ ಬಾಗೇವಾಡಿಗೆ ಬರ್ರಿ. ನಮ್ಮ ಬಳಗದ ಮಂದಿ ಎಲ್ಲಾ ಕೂಡ್ತೇವಿ. ದೊಡ್ಡ ಸಾಹೇಬ್ರು ತಮ್ಮ ಕೈಯಾರೆ ಕೊಡ್ತಾರ."

"ಕೈಯಾರೆ?" ಕಾಕಾ ಬೆರಗಾದ. "ಭಾಳ ಭಾರ ಇರತೈತ್ರೀ ಅದು."

"ಹೌದ್ರಿ, ಹೊಣೆಗಾರಿಕೆ ಭಾರಾನೇ," ಎಂದು ಮಾಸ್ತರರು ಗದ್ಗದಿತರಾಗಿ ಫೋನಿಟ್ಟರು.

ನಾನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ರವಿವಾರ ಬೆಳಿಗ್ಗೆ ಬಾಗಿಲಲ್ಲಿ ಟೆಂಪೊ ನಿಂತಿತು. ಅದರಲ್ಲಿ ಹಗ್ಗ, ಟಿಸಿಗೆ ಪೆಟ್ಟಾಗದಂತೆ ಕೆಳಗೆ ಹಾಸಲು ಎರಡು ಹಳೆ ಟಯರು, ಎತ್ತಲು ನಾಲ್ಕು ಗಟ್ಟಿ ಆಳು, ಪೂಜೆಗೆ ಕಾಯಿ, ಲಿಂಬೆಹಣ್ಣು, ಊದಿನಕಡ್ಡಿ. ಎಣ್ಣೆ ಸರಿಯಾಗಿದೆಯೋ ಇಲ್ಲವೋ ಪರೀಕ್ಷಿಸಲು ಲೈನಮನ್ ಅಬ್ದುಲಗನಿ. ಜ್ವರವೆಂದು ಸುಳ್ಳು ಹೇಳಿ ರಜೆ ಹಾಕಿ ಬಂದಿದ್ದ. ಡೀಸೆಲ್ ಗಿರಣಿಗೆ ಹೋದ ಪಾಪ ಕಳೆದುಕೊಳ್ಳಲು ಶೆಟ್ಟೆವ್ವ.

ಟೆಂಪೊ ವಿಜಾಪುರ ದಾಟುವಾಗ ನಾನು ಧೈರ್ಯ ಮಾಡಿ ಬಾಯಿ ಬಿಟ್ಟೆ.

"ಕಾಕಾ, ಅವರು ಕವಿಗಳು. ನಿನ್ನ ಅರ್ಜಿನ ಕವಿತಾ ಅಂತ ತಿಳದಾರ. ಅಲ್ಲಿ ಟಿಸಿ ಕೊಡಂಗಿಲ್ಲ. ಶಾಲು ಕೊಡ್ತಾರ."

ಕಾಕಾ ಟಯರುಗಳ ಕಡೆ ತಿರುಗಿ ನೋಡಿದ.

"ಶಾಲು ಬ್ಯಾರೆ ಕೊಡ್ತಾರ? ಚೊಲೊ ಆತು. ಟಿಸಿ ಸುತ್ತಿಕೊಂಡು ಬರಾಕ ಆಗತೈತಿ."

ಆಮೇಲೆ ಬಾಗೇವಾಡಿಯವರೆಗೆ ನಾನು ಕಿಟಕಿಯ ಹೊರಗೆ ನೋಡಿದೆ.

ಸಭಾಂಗಣದಲ್ಲಿ ಮೂವತ್ತು ಕವಿಗಳು ಸೇರಿದ್ದರು. ಒಬ್ಬರನ್ನೊಬ್ಬರು ಕಂಡದ್ದು ಅಂದೇ ಮೊದಲು, ಆದರೂ ರೂಢಿ ಬಿಟ್ಟಿರಲಿಲ್ಲ. ವೇದಿಕೆಗೆ ಹೋದವರು ಕೆಮ್ಮಿದರೂ "ವಾಹ್" ಬರುತ್ತಿತ್ತು. ಮಾಸ್ತರರು ಮೈಕು ಸರಿಯಿದೆಯೇ ಎಂದು "ಹಲೋ, ಹಲೋ" ಅಂದದ್ದಕ್ಕೆ ಹಿಂದಿನ ಸಾಲಿನಿಂದ ಯಾರೋ "ಇನ್ನೊಮ್ಮೆ!" ಎಂದರು. ನಮ್ಮ ನಾಲ್ಕು ಆಳುಗಳು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಗೋಡೆಗೆ ಒರಗಿ ನಿಂತರು. ಅವರನ್ನು ಕಂಡು ಸುವರ್ಣಾ ಮೇಡಂ, "ಬಂಡಾಯದವರು, ಎಷ್ಟು ಸಹಜವಾಗಿ ಬಂದಿದ್ದಾರೆ ನೋಡಿ," ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.

ಮುಖ್ಯ ಅತಿಥಿ ಬಂದರು. ಮಾಸ್ತರರು ಮೈಕಿನಲ್ಲಿ ಗುಟ್ಟು ಒಡೆದರು: "ಇಷ್ಟು ದಿನ ಹಣತೆ ಅನ್ನೋ ಹೆಸರಿನ್ಯಾಗ ನಮ್ಮ ನಡುವ ಬೆಳಗಿದವರು ಇವರ! ಕರೆಂಟ್ ಆಫೀಸಿನ ಸಾಹೇಬ್ರು, ಶ್ರೀ ಚೇತನಕುಮಾರ ಅವರು!"

ಕಾಕಾ ಎದ್ದು ನಿಂತ. ನಾಲ್ಕು ಸಲ ಮುಚ್ಚಿದ ಬಾಗಿಲ ಮೇಲೆ ಓದಿದ್ದ ಹೆಸರು ಅದೇ.

"ಅಬ್ದುಲಗನಿ, ಇವರ ನಿಮ್ಮ ಸಾಹೇಬ್ರಲ್ಲೇನೊ?"

ರಜೆ ಹಾಕಿ ಬಂದ ಅಬ್ದುಲಗನಿ ಆಳುಗಳ ಬೆನ್ನ ಹಿಂದೆ ಸರಿದಿದ್ದ. "ಹೌದ್ರಿ ಕಾಕಾರ. ನನ್ನ ಹೆಸರ ಹೇಳಬ್ಯಾಡ್ರಿ."

ಸಾಹೇಬರು ಮೊದಲು ತಮ್ಮ ಕವಿತೆ ಓದಿದರು. "ಕತ್ತಲೆಯೇ ಬಾ, ನಿನ್ನನ್ನು ಕಳೆಯುವವರು ಇಲ್ಲಿ ಯಾರೂ ಇಲ್ಲ..."

"ಇಂವನ ಕೈಯಾಗ ಕರೆಂಟ್ ಕೊಟ್ಟವರು ಯಾರಂತ?" ಎಂದಳು ಶೆಟ್ಟೆವ್ವ. ಶೆಟ್ಟೆವ್ವಳಿಗೆ ಸಣ್ಣ ದನಿ ಎಂಬುದು ಗೊತ್ತಿಲ್ಲ. ಸಭೆಯೆಲ್ಲ ತಿರುಗಿ ನೋಡಿ, "ವಾಹ್!" ಎಂದಿತು.

ಆಮೇಲೆ ಕಾಕಾನನ್ನು ಮೇಲೆ ಕರೆದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ಗಾಜಿನದೊಂದು ದೀಪದ ಆಕಾರದ ಫಲಕ ಕೊಟ್ಟರು. ಕಾಕಾ ಎಲ್ಲವನ್ನೂ ತೆಗೆದುಕೊಂಡು ವೇದಿಕೆಯ ಪರದೆ ಸರಿಸಿ ಹಿಂದೆ ಇಣುಕಿದ. ಅಲ್ಲಿ ಮಡಚುವ ಕುರ್ಚಿಗಳಿದ್ದವು.

"ಎಲ್ಲೈತ್ರಿ?" ಎಂದ.

"ಏನ್ರಿ ಗುರುವೇ?" ಎಂದರು ಸಾಹೇಬರು, ಕೈ ಮುಗಿದು.

"ಟಿಸಿ ಎಲ್ಲೈತ್ರಿ?"

ಸಭೆಯಲ್ಲಿ ಚಪ್ಪಾಳೆ ಸ್ಫೋಟಿಸಿತು. "ಎಂಥಾ ಪ್ರಶ್ನೆ! ನಾವೆಲ್ಲ ಜೀವನಪೂರ್ತಿ ಹುಡುಕ್ತಿರೋದು ಅದನ್ನೇ ಅಲ್ವಾ!" ಎಂದು ಮಾಸ್ತರರು ಕಣ್ಣೊರೆಸಿಕೊಂಡರು. ಭಾವ ಹೆಚ್ಚಾದಾಗ ಮಾಸ್ತರರ ಮಾತು ಬೆಂಗಳೂರಿಗೆ ಹೋಗುತ್ತದೆ.

"ಪದ್ಯ ಅಲ್ರೀ ಯಪ್ಪಾ! ಖರೇನ ಕೇಳಾಕತ್ತೇನಿ! ಗಿರಣಿ ನಿಂತೈತಿ! ಪಂಚಮಿ ಐದ ದಿನಕ್ಕ ಬಂತು!"

"ವಾಹ್! ಲಯ ನೋಡಿ, ಲಯ!"

ಶೆಟ್ಟೆವ್ವ ಇನ್ನು ತಡೆಯಲಾರದೆ ಎದ್ದಳು. "ಏ ಸಾಹೇಬಾ! ಮನ್ಯಾಗ ಹಿಟ್ಟಿಲ್ಲ, ಬತ್ತಿ ಇಲ್ಲ, ಉಂಡಿ ಹೆಂಗ ಕಟ್ಟಬೇಕು? ನಿನ್ನ ಪದ್ಯಾ ಬೀಸಿ ಕಟ್ಟಲೇನ?"

"ಜಾನಪದ!" ಎಂದು ಯಾರೋ ಕೂಗಿದರು. ಉಳಿದಿದ್ದ ಒಂದು ಹಾರ ಶೆಟ್ಟೆವ್ವಳ ಕೊರಳಿಗೆ ಬಿತ್ತು. ಆಕೆ ಅದನ್ನು ತೆಗೆಯಲಿಲ್ಲ. ಮದುವೆಯ ನಂತರ ಅದೇ ಮೊದಲ ಹಾರವಂತೆ.

ಕೊನೆಗೆ ಅಬ್ದುಲಗನಿಗೇ ತಡೆಯಲಾಗಲಿಲ್ಲ. ಬಗ್ಗಿಕೊಂಡು ವೇದಿಕೆ ಹತ್ತಿ ಸಾಹೇಬರ ಕಿವಿಯಲ್ಲಿ ಹೇಳಿದ. ಮೈಕು ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

"ಸರ, ಇದು ನಮ್ಮ ಸೆಕ್ಷನ್ನಿಂದೇ ಟಿಸಿ. ಹೊರ್ತಿ ಗಿರಣೀದು. ನಿಮ್ಮ ಟೇಬಲ್ ಮ್ಯಾಲ ನಾಲ್ಕ ಅರ್ಜಿ ಅದಾವ. ಪದ್ಯದ ಹಾಳಿ ಹಾರಬಾರ್ದಂತ ನೀವು ಅವುನ್ನ ಮ್ಯಾಲ ಇಟ್ಟೀರಿ."

ಮೂವತ್ತು ಬಾಯಿಗಳಲ್ಲಿ ಹೊರಡಲಿದ್ದ "ವಾಹ್" ಒಳಗೇ ಉಳಿಯಿತು. ಸಾಹೇಬರ ಮುಖ ಕಪ್ಪಿಟ್ಟಿತು. ಟಿಸಿ ಸುಟ್ಟದ್ದಕ್ಕಲ್ಲ.

"ಅಂದ್ರ... ನಾ ಅತ್ತಿದ್ದು ಅರ್ಜಿಗೇನು?" ಎಂದರು ಸಣ್ಣಗೆ. ಇಷ್ಟು ವರ್ಷದ ನೌಕರಿಯಲ್ಲಿ ಅವರ ಮೇಲೆ ಇಂಥ ಕಳಂಕ ಬಂದಿರಲಿಲ್ಲ.

ರಾವಸಾಬ ಮಾಸ್ತರರು ಬಳಗದ ಮಾನ ಉಳಿಸಲು ಮುಂದೆ ಬಂದರು. "ಗುರುಲಿಂಗಪ್ಪನವರ, ಒಂದು ಮಾತು ಹೇಳಿಬಿಡ್ರಿ. ಇದು ಕವಿತಾನೋ, ಅರ್ಜಿಯೋ? ಕವಿತಾ ಆದ್ರ ಶಾಲು ನಿಮ್ದು, ಟಿಸಿ ಮಾತು ತೆಗೀಬ್ಯಾಡ್ರಿ. ಅರ್ಜಿ ಆದ್ರ ಶಾಲು ಹೊಳ್ಳಿ ಕೊಡ್ರಿ, ಆಫೀಸಿಗೆ ಹೋಗ್ರಿ."

"ಆಫೀಸಿಗೆ ನಾಲ್ಕ ಸಲ ಹೋಗೇನ್ರಿ."

"ಹಂಗಾರ ಐದನೇ ಸಲ."

ಕಾಕಾ ಶಾಲು ತೆಗೆದ. ನಾಲ್ಕು ಮಡಿಕೆ ಮಡಚಿ, ಹಾರ, ಹಣ್ಣು, ಗಾಜಿನ ದೀಪ ಎಲ್ಲವನ್ನೂ ಅದರ ಮೇಲಿಟ್ಟು ಮೇಜಿನ ಮೇಲೆ ಇಟ್ಟ. ಒಂದು ಬಾಳೆಹಣ್ಣು ಉರುಳಿತು, ಅದನ್ನೂ ಎತ್ತಿಟ್ಟ. ನಾಲ್ಕು ತಾಲೂಕಿನ ಮುಂದೆ ನಮ್ಮ ಮನೆತನದ ಮರ್ಯಾದೆ ಮಣ್ಣುಪಾಲಾಯಿತೆಂದು ನಾನು ಸೀಟಿನಲ್ಲಿ ಕುಗ್ಗಿದೆ. ಕಾಕಾ ಮಾತ್ರ ಕೆಳಗೆ ಇಳಿಯಲಿಲ್ಲ. ಸಾಹೇಬರ ಕಡೆ ತಿರುಗಿದ.

"ಸಾಹೇಬ್ರ, ನಿಮ್ಮವು ನಲವತ್ತೂ ಓದಿಸಿಕೊಂಡು ಕೇಳೇನ್ರಿ."

ಸಾಹೇಬರು ತಲೆ ಎತ್ತಿದರು. "ನಲವತ್ತೂ?"

"ಒಂದೂ ಬಿಟ್ಟಿಲ್ಲ. ಕತ್ತಲಿ ಹೆಂಡತಿ ಆಗಿದ್ದು ಕೇಳೇನಿ, ಕತ್ತಲಿ ಎಮ್ಮಿ ಆಗಿದ್ದು ಕೇಳೇನಿ. ಇಪ್ಪತ್ತೆರಡನೇದ್ರಾಗ ಕತ್ತಲಿ ನಿಮ್ಮ ಮಾವ ಆಗಿತ್ತು. ನಲವತ್ತಕ್ಕೂ ಚೊಲೊ ಐತಿ ಅಂತ ಬರಸೇನಿ. ಇಲ್ಲಿ ಕುಂತವರನ್ನ ಕೇಳ್ರಿ, ಎಷ್ಟು ಮಂದಿ ಓದ್ಯಾರ ಅಂತ."

ಸಾಹೇಬರು ಸಭೆಯ ಕಡೆ ನೋಡಿದರು. ಮೂವತ್ತು ಕವಿಗಳು ಒಟ್ಟಿಗೆ ಫ್ಯಾನು ನೋಡತೊಡಗಿದರು. ಸುವರ್ಣಾ ಮೇಡಂ ಚೀಲದಲ್ಲಿ ಏನೋ ಹುಡುಕಿದರು. ಮಾಸ್ತರರು ಮೈಕಿನ ತಂತಿ ಸರಿಮಾಡಿದರು.

"ನಲವತ್ತ ಆಯೇರಿ ಮಾಡೇನ್ರಿ ನಿಮಗ," ಎಂದ ಕಾಕಾ, ಮೆಲ್ಲಗೆ. "ನಾ ಶಾಲು ಒಲ್ಲೆ. ಒಂದ, ಒಂದ ಆಯೇರಿ ಹೊಳ್ಳಿ ಮಾಡ್ರಿ. ಕಬ್ಬಿಣದ್ದು."

ಅರ್ಜಿಯನ್ನು ಕಾಗದದ ಮೇಲೆ ಭಾರವಾಗಿ ಇಡಬಹುದು. ಆಯೇರಿ ಹೊಳ್ಳಿಸದ ಮನುಷ್ಯನೆಂಬ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಹೊತ್ತುಕೊಳ್ಳಲಾರರು. ಚೇತನಕುಮಾರ ಸಾಹೇಬರ ಕಣ್ಣಲ್ಲಿ ಮತ್ತೆ ನೀರು ಬಂತು.

"ಇಪ್ಪತ್ತೆರಡನೇದು ಹೆಂಗಿತ್ರಿ, ಖರೆ ಹೇಳ್ರಿ?"

"ಮಾವ ಭಾಳ ಕೆಟ್ಟಾವ ಅನಿಸ್ತು."

"ಹೌದ್ರಿ," ಎಂದು ಸಾಹೇಬರು ಬಿಕ್ಕಿದರು. "ಅದೇ ನಾ ಹೇಳಬೇಕಂದಿದ್ದು."

ಪಂಚಮಿಗೆ ಮೂರು ದಿನ ಇರುವಾಗ ಟಿಸಿ ಬಂತು. ನಮ್ಮ ಲಿಂಬೆಹಣ್ಣು ಒಣಗಿತ್ತು, ಹೊಸದು ತಂದು ಪೂಜೆ ಮಾಡಿದೆವು. ಗಿರಣಿ ತಿರುಗಿದ ಮೊದಲ ಸದ್ದಿಗೆ ಓಣಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಓಡಿ ಬಂದರು. ಕಾಕಾ ಮೀಸೆಗೆಲ್ಲ ಕಡಲೆ ಹಿಟ್ಟು ಮೆತ್ತಿಕೊಂಡು, "ಸಾಲು ಹಚ್ರಿ, ಸಾಲು!" ಎಂದು ಗದರಿದ. ಶೆಟ್ಟೆವ್ವಳನ್ನು ಕೊನೆಗೆ ನಿಲ್ಲಿಸಿದ. ಆಕೆ ಡಬ್ಬಿ ಬಗಲಿಗಿಟ್ಟುಕೊಂಡು ಸಾಲಿನ ಕೊನೆಗೆ ಹೋದಳು.

ಬಳಗದಲ್ಲಿ ಮಾಸ್ತರರು 'ಅರ್ಜಿ ಕಾವ್ಯ' ಎಂಬ ಹೊಸ ಪ್ರಕಾರ ಹುಟ್ಟಿದೆಯೆಂದು ಸಾರಿದರು. ಸುವರ್ಣಾ ಮೇಡಂ 'ರೇಶನ್ ಕಾರ್ಡಿನಲ್ಲಿ ಅತ್ತೆಯ ಹೆಸರು ಉಳಿದ ಬಗ್ಗೆ' ಬರೆದು ಐವತ್ತು ವಾಹ್ ಪಡೆದರು. ಕಾಕಾ ಮಾತ್ರ ಏನೂ ಬರೆಸಲಿಲ್ಲ.

ಪಂಚಮಿ ಮುಗಿದ ವಾರ ಜೀಪು ಬಂತು. ಸಾಹೇಬರು ಖುದ್ದಾಗಿ ಬಂದಿದ್ದರು. ಚಿಗವ್ವ ಉಂಡಿ ಕೊಟ್ಟಳು. ತಿನ್ನುತ್ತ ಕೇಳಿದರು:

"ಗುರುವೇ, ಯಾಕ ಏನೂ ಬರೀವಲ್ರಿ?"

"ಕರೆಂಟ್ ಐತಲ್ರಿ ಸಾಹೇಬ್ರ. ಏನ್ ಬರೀಲಿ?"

ಸಾಹೇಬರು ನಿಟ್ಟುಸಿರು ಬಿಟ್ಟರು. "ಎಂಥಾ ಪ್ರತಿಭಾ ನಿಂತುಹೋತ್ರಿ. ನನ್ನಿಂದನ ನಿಂತಿತು." ಹೀಗೆಂದು ನಿಧಾನಕ್ಕೆ ಕತ್ತು ಎತ್ತಿ, ಕಂಬದ ಮೇಲೆ ಹೊಳೆಯುತ್ತ ಕೂತಿದ್ದ ಹೊಸ ಟಿಸಿಯನ್ನು ಬಹಳ ಹೊತ್ತು ನೋಡಿದರು. ಸಾಹಿತ್ಯದ ಸಲುವಾಗಿ ಎಂಥ ತ್ಯಾಗಕ್ಕೂ ಸಿದ್ಧವಿರುವ ಮನುಷ್ಯನ ನೋಟ ಅದು.

ಕಾಕಾನ ಕೈಯೊಳಗಿನ ಉಂಡಿ ಪುಡಿಯಾಯಿತು.

"ಬರೀತೇನ್ರಿ! ಸೋಮವಾರಕ್ಕೊಂದ ಬರೀತೇನಿ! ಐಶ್ವರ್ಯಾ, ಫೋನ್ ತಗೋ!"

ಅಂದಿನಿಂದ ಪ್ರತಿ ಸೋಮವಾರ ಕಾಕಾ ಕಣ್ಣು ಮುಚ್ಚಿ ಸುಟ್ಟ ಟಿಸಿಯನ್ನು ನೆನೆಸಿಕೊಳ್ಳುತ್ತಾನೆ, ನಾನು ಬರೆಯುತ್ತೇನೆ. ಹಣತೆಯವರು ಅಳುತ್ತಾರೆ. ಒಂದೇ ಒಂದು ಸೋಮವಾರ ನನಗೆ ಪರೀಕ್ಷೆ ಇತ್ತು, ಮರೆತೆ. ಮಂಗಳವಾರ ಹತ್ತು ಗಂಟೆಗೆ ಗಿರಣಿ ಗಕ್ಕನೆ ನಿಂತಿತು. ಬುಟ್ಟಿ ಹಿಡಿದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಬರದಿಲ್ಲೇನ ನೀ?" ಎಂದು ಕಾಕಾ ಕಿರುಚಿದ.

ಅದು ಲೋಡ್ ಶೆಡ್ಡಿಂಗ್, ಒಂದು ತಾಸಿಗೆ ಬರುತ್ತದೆ ಎಂದು ಅಬ್ದುಲಗನಿ ಸೈಕಲ್ಲಿನ ಮೇಲಿಂದಲೇ ಹೇಳಿ ಹೋದ. ಯಾರು ಕೇಳುತ್ತಾರೆ? ನಾನು ಅವಸರದಲ್ಲಿ ಆರು ಸಾಲು ಒತ್ತಿ ಕಳಿಸಿದೆ. ಕಳಿಸಿದ ತುಸು ಹೊತ್ತಿಗೆ ಗಿರಣಿಯ ಬಲ್ಬು ಕೆಂಪಗೆ, ಕ್ಷೀಣವಾಗಿ ಹೊತ್ತಿತು. ಕಲ್ಲು ಮೆಲ್ಲಗೆ ನರಳುತ್ತ ಅರ್ಧ ಸುತ್ತು ತಿರುಗಿತು.

ಕಾಕಾ ಬಲ್ಬನ್ನೇ ನೋಡುತ್ತ ಹೇಳಿದ:

"ಇನ್ನೆರಡ ಸಾಲ ಕೂಡಿಸು, ತಂಗಿ. ವೋಲ್ಟೇಜ್ ಕಡಿಮಿ ಐತಿ."